ಎಂಜಿನ್ನಿನ ಅಶ್ವಶಕ್ತಿ ಹೆಚ್ಚಿಸುವ ಮುನ್ನ: ಸ್ಪೋರ್ಟ್ಸ್ ಕಾರುಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೆ ಇನ್ನಷ್ಟು ಕಸುವು ತುಂಬಲು ಹೊರಟವರು ಮೊದಲು ಕೇಳುವುದು ಎಷ್ಟು ಅಶ್ವಶಕ್ತಿ ಹೆಚ್ಚುತ್ತದೆ ಎಂದು. ಬಿಡಿಭಾಗ ಮಾರುವವರು ಮೊದಲು ಹೇಳುವುದೂ ಅದನ್ನೇ. ಆದರೆ ಅವರು ಹೇಳುವ ಅಂಕಿ ಎಂಜಿನ್ ತಿರುಗುವ ವೇಗ ಏರಿದಂತೆ ಶಕ್ತಿ ಹೇಗೆ ಬದಲಾಗುತ್ತದೆಂದು ತೋರಿಸುವ ವಕ್ರರೇಖೆಯ ತುತ್ತತುದಿಯಲ್ಲಿರುವ ಒಂದೇ ಒಂದು ಬಿಂದು. ಆ ಬಿಂದು ಯಾವ ಆರ್‌ಪಿಎಂನಲ್ಲಿದೆ (ನಿಮಿಷಕ್ಕೆ ಎಂಜಿನ್ ಎಷ್ಟು ಸುತ್ತು ತಿರುಗುವಾಗ), ಯಾವ ಇಂಧನ ಹಾಕಿದಾಗ ಸಿಕ್ಕಿತು, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಅಷ್ಟೇ ಸಿಗುತ್ತದೆಯೇ ಎಂಬುದು ತಿಳಿಯದೆ ರೀಮ್ಯಾಪ್ (ಎಂಜಿನ್ನಿನ ತಂತ್ರಾಂಶ ಬದಲಾವಣೆ), ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಟರ್ಬೊ, ಸೂಪರ್‌ಚಾರ್ಜರ್‌ಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಆದ್ದರಿಂದ ಮೊದಲು ಅಂಕಿಯನ್ನು ಓದುವ ಬಗೆಯನ್ನು ನೋಡಿ, ಆಮೇಲೆ ಆಯ್ಕೆಗಳಿಗೆ ಬರುತ್ತೇನೆ.

ಒಂದೇ ಹೆಸರು, ಹಲವು ಅಳತೆ

ಜೇಮ್ಸ್ ವ್ಯಾಟ್ ಬಳಕೆಗೆ ತಂದ ಅಶ್ವಶಕ್ತಿ ಸುಮಾರು 746 ವ್ಯಾಟ್‌ಗಳಿಗೆ ಸಮ. ಯುರೋಪಿನ ತಯಾರಕರು ‘ಪಿಎಸ್’ ಎಂದು ಬರೆಯುವ ಮೆಟ್ರಿಕ್ ಅಶ್ವಶಕ್ತಿ 735.5 ವ್ಯಾಟ್. ವ್ಯತ್ಯಾಸ ಶೇ. 1.4ರಷ್ಟೇ ಆದರೂ ದೊಡ್ಡ ಎಂಜಿನ್ನುಗಳಲ್ಲಿ ಅದು ಕಣ್ಣಿಗೆ ಬೀಳುತ್ತದೆ. ಬುಗಾಟಿ ವೇರಾನ್ 2005ರಲ್ಲಿ ಬಂದಾಗ ಯುರೋಪಿನ ಲೆಕ್ಕದಲ್ಲಿ ಅದರ ಸಾಮರ್ಥ್ಯ 1001 ಇದ್ದರೆ, ಅದೇ ಎಂಜಿನ್ನಿಗೆ ಅಮೆರಿಕದ ಲೆಕ್ಕದಲ್ಲಿ 987 ಎಂದಾಗುತ್ತಿತ್ತು. ಎರಡು ಕಾರುಗಳನ್ನು ಹೋಲಿಸುವಾಗ ಎರಡನ್ನೂ ಕಿಲೋವ್ಯಾಟ್‌ಗೆ ಇಳಿಸಿಕೊಂಡರೆ ಈ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಅಳೆಯುವ ವಿಧಾನದ ಗೊಂದಲ ಇದಕ್ಕಿಂತ ದೊಡ್ಡದು. ಅಮೆರಿಕದಲ್ಲಿ 1970ರ ದಶಕದ ಆರಂಭದವರೆಗೆ ಆಲ್ಟರ್ನೇಟರ್, ಏರ್ ಫಿಲ್ಟರ್, ಕಾರಿನ ನಿಜವಾದ ಎಕ್ಸಾಸ್ಟ್ ಇವು ಯಾವುವೂ ಇಲ್ಲದ ಬೋಳು ಎಂಜಿನ್ ಅನ್ನು ಪರೀಕ್ಷಿಸಿ ‘ಗ್ರಾಸ್’ ಅಂಕಿ ಕೊಡುತ್ತಿದ್ದರು. 1972ರ ಮಾದರಿಗಳ ಹೊತ್ತಿಗೆ ‘ನೆಟ್’ ಪದ್ಧತಿ ಬಂದು, ಕಾಗದದ ಮೇಲಿನ ಅಂಕಿಗಳು ದೊಡ್ಡ ಪ್ರಮಾಣದಲ್ಲಿ ಕುಸಿದವು. ಆ ಕಾಲದ ದೊಡ್ಡ ಎಂಜಿನ್ನಿನ ಅಮೆರಿಕನ್ ‘ಮಸಲ್ ಕಾರು’ಗಳ ಅಂಕಿಯನ್ನು ಇಂದಿನ ಕಾರಿನ ಪಕ್ಕದಲ್ಲಿಟ್ಟು ಬೆರಗಾಗುವವರು ಇದನ್ನು ಮರೆಯುತ್ತಾರೆ. 2005ರಲ್ಲಿ ವಾಹನ ಎಂಜಿನಿಯರುಗಳ ಎಸ್‌ಎಇ ಸಂಸ್ಥೆ, ಸ್ವತಂತ್ರ ವೀಕ್ಷಕರ ಸಮ್ಮುಖದಲ್ಲೇ ಪರೀಕ್ಷೆ ನಡೆಯಬೇಕೆಂಬ ಪ್ರಮಾಣೀಕರಣವನ್ನು ತಂದಿತು. ಅದರಡಿ ಮೊದಲು ಪ್ರಮಾಣಪತ್ರ ಪಡೆದದ್ದು 505 ಅಶ್ವಶಕ್ತಿಯ ಕಾರ್ವೆಟ್ ಝಡ್06ರ 7 ಲೀಟರ್ ಎಂಜಿನ್.

ಜಪಾನಿನ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿನ ತಯಾರಕರು 1989ರಿಂದ 2004ರವರೆಗೆ ಯಾವ ಕಾರಿಗೂ 280 ಪಿಎಸ್‌ಗಿಂತ ಹೆಚ್ಚು ಘೋಷಿಸುವುದಿಲ್ಲವೆಂದು ತಮ್ಮೊಳಗೇ ಒಪ್ಪಿಕೊಂಡಿದ್ದರು. ಟೊಯೊಟಾ ಸುಪ್ರಾದ 2ಜೆಝಡ್-ಜಿಟಿಇ ಎಂಜಿನ್ನಿಗೆ ತವರಿನಲ್ಲಿ 280 ಎಂದಿದ್ದರೆ ಅಮೆರಿಕದಲ್ಲಿ 320 ಎಂದಿತ್ತು. ಘೋಷಿತ ಅಂಕಿ ಒಮ್ಮೊಮ್ಮೆ ಎಂಜಿನ್ನಿಗಿಂತ ಹೆಚ್ಚಾಗಿ ಮಾರುಕಟ್ಟೆಯ ಸಂಗತಿಯನ್ನೇ ಹೇಳುತ್ತದೆ.

ಇಂಧನವೂ ಲೆಕ್ಕಕ್ಕೆ ಬರುತ್ತದೆ. 2018ರ ಡಾಡ್ಜ್ ಡೀಮನ್ ಕಾರಿನ 840 ಅಶ್ವಶಕ್ತಿ 100 ಆಕ್ಟೇನ್‌ನ ರೇಸಿಂಗ್ ಇಂಧನದಲ್ಲಿ ಸಿಗುವಂಥದ್ದು. ಬಂಕಿನ ಸಾಮಾನ್ಯ ಪ್ರೀಮಿಯಂ ಪೆಟ್ರೋಲಿನಲ್ಲಿ ಅದು 808. ತಯಾರಕರು ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಬಿಡಿಭಾಗ ಮಾರುವವರಿಂದ ಅಷ್ಟು ಪ್ರಾಮಾಣಿಕತೆ ಸಾಮಾನ್ಯವಾಗಿ ಸಿಗುವುದಿಲ್ಲ, ಕೇಳಿಯೇ ತಿಳಿದುಕೊಳ್ಳಬೇಕು.

ಡೈನೋ ಚೀಟಿ ಏನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ತಯಾರಕರ ಅಂಕಿ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನಲ್ಲಿ, ಅಂದರೆ ಶಕ್ತಿ ಹೊರಬರುವ ಮುಖ್ಯ ದಂಡದಲ್ಲಿ, ಅಳೆದದ್ದು. ಗ್ಯಾರೇಜಿನಲ್ಲಿ ಕಾರನ್ನು ಡೈನೋ ಎಂಬ ಅಳತೆಯಂತ್ರದ ರೋಲರ್ ಮೇಲೆ ನಿಲ್ಲಿಸಿ ಅಳೆಯುವುದು ಚಕ್ರಕ್ಕೆ ತಲುಪಿದ ಶಕ್ತಿಯನ್ನು. ನಡುವೆ ಗಿಯರ್ ಬಾಕ್ಸ್, ಡಿಫರೆನ್ಶಿಯಲ್, ಟೈರುಗಳು ತಮ್ಮ ಪಾಲನ್ನು ತಿಂದುಹಾಕುತ್ತವೆ. ಈ ನಷ್ಟವನ್ನು ಊಹಿಸಿ, ಚಕ್ರದ ಅಂಕಿಗೆ ಇಂತಿಷ್ಟು ಶೇಕಡಾ ಸೇರಿಸಿ ‘ಎಂಜಿನ್ನಿನ ಅಶ್ವಶಕ್ತಿ’ ಎಂದು ಅಚ್ಚು ಹಾಕಿಕೊಡುವ ಅಭ್ಯಾಸವಿದೆ. ಆ ಶೇಕಡಾವಾರು ಎಲ್ಲ ಕಾರಿಗೂ ಒಂದೇ ಅಲ್ಲ, ಒಂದೇ ಕಾರಿನಲ್ಲಿ ಶಕ್ತಿ ಹೆಚ್ಚಿದಾಗಲೂ ಅದು ಹಾಗೆಯೇ ಉಳಿಯುವುದಿಲ್ಲ. ಆದ್ದರಿಂದ ಚಕ್ರದ ಅಂಕಿಯನ್ನು ಚಕ್ರದ ಅಂಕಿಯಾಗಿಯೇ ಓದಬೇಕು.

ಇದರ ಮೇಲೆ ಹವಾಮಾನದ ತಿದ್ದುಪಡಿ ಇದೆ. ಎಸ್‌ಎಇ ಮಾನದಂಡ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು 99 ಕಿಲೋಪ್ಯಾಸ್ಕಲ್ ಒಣ ಗಾಳಿಯ ಒತ್ತಡಕ್ಕೆ ಅಂಕಿಯನ್ನು ಹೊಂದಿಸುತ್ತದೆ. ‘ಎಸ್‌ಟಿಡಿ’ ಎಂಬ ಹಳೆಯ ಮಾನದಂಡ ಇನ್ನೂ ತಂಪಾದ, ದಟ್ಟವಾದ ಗಾಳಿಯನ್ನು ಆಧಾರವಾಗಿಟ್ಟುಕೊಂಡಿರುವುದರಿಂದ ಅದೇ ಓಟಕ್ಕೆ ಸುಮಾರು ಶೇ. 4 ಹೆಚ್ಚು ತೋರಿಸುತ್ತದೆ. 500 ಅಶ್ವಶಕ್ತಿಯ ಕಾರಿನಲ್ಲಿ ಇದು 20 ಅಶ್ವಶಕ್ತಿ, ಅಂದರೆ ಒಂದು ಎಕ್ಸಾಸ್ಟ್ ಬದಲಾವಣೆಯಿಂದ ಸಿಗಬಹುದೆಂದು ಹೇಳಿಕೊಳ್ಳುವಷ್ಟು ಲಾಭ. ಸಿಕ್ಕಿದ್ದು ಮಾತ್ರ ಕಂಪ್ಯೂಟರಿನ ಒಂದು ಮೆನು ಬದಲಾಯಿಸಿದ್ದರಿಂದ. ಟರ್ಬೊ ಎಂಜಿನ್ನುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಎತ್ತರದ ಪ್ರದೇಶದ ತೆಳುಗಾಳಿಯನ್ನು ಟರ್ಬೊ ತಾನೇ ಹೆಚ್ಚು ವೇಗವಾಗಿ ತಿರುಗಿ ಒಂದಿಷ್ಟು ಸರಿದೂಗಿಸಿಕೊಂಡಿರುತ್ತದೆ. ಅದರ ಮೇಲೆ ಸಹಜ ಉಸಿರಾಟದ (ಟರ್ಬೊ, ಸೂಪರ್‌ಚಾರ್ಜರ್ ಇಲ್ಲದ) ಎಂಜಿನ್ನಿಗೆಂದು ರೂಪಿಸಿದ ತಿದ್ದುಪಡಿಯನ್ನೂ ಹಾಕಿದರೆ ಅಂಕಿ ಎರಡೆರಡು ಬಾರಿ ಉಬ್ಬುತ್ತದೆ.

ಒಮ್ಮೆ ರೀಮ್ಯಾಪ್ ಮಾಡಿದ ಟರ್ಬೊ ಕಾರೊಂದನ್ನು ರೋಲರ್ ಮೇಲೆ ಕಟ್ಟಿ ಓಡಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮೊದಲ ಓಟದ ಚೀಟಿ ಹೊರಬಿದ್ದಾಗ ಎಲ್ಲರ ಮುಖವೂ ಅರಳಿತು. ಎಂಜಿನ್ ತಣ್ಣಗಾಗಲು ಬಿಡದೆ ಎರಡನೆಯ, ಮೂರನೆಯ ಓಟಗಳನ್ನು ಬೆನ್ನಿಗೆ ಬೆನ್ನು ಮಾಡಿಸಿ ಎಂದು ನಾನು ಕೇಳಿಕೊಂಡೆ. ಮುಂದೆ ಇಟ್ಟಿದ್ದ ಫ್ಯಾನು, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ರಸ್ತೆಯ ಗಾಳಿಯಷ್ಟು ಗಾಳಿ ಕೊಡಲಾರದು, ನಿಜ. ಆದರೂ ಪರದೆಯ ಮೂಲೆಯಲ್ಲಿ ಒಳಹೋಗುವ ಗಾಳಿಯ ಉಷ್ಣತೆ ಓಟದಿಂದ ಓಟಕ್ಕೆ ಏರುತ್ತಿತ್ತು, ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ತಡೆಯಲು ಎಂಜಿನ್ನಿನ ಕಂಪ್ಯೂಟರಾದ ಇಸಿಯು ಕಿಡಿಯ ಸಮಯವನ್ನು ಹಿಂದಕ್ಕೆ ಎಳೆಯುತ್ತಿತ್ತು, ವಕ್ರರೇಖೆ ಪ್ರತಿ ಸಲ ಒಂದು ಗೆರೆ ಕೆಳಗೆ ಕೂರುತ್ತಿತ್ತು. ಮೂರನೆಯ ಓಟದಲ್ಲಿ ಉಳಿದಿದ್ದ ಲಾಭ ಮೊದಲನೆಯದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಮಾಲೀಕರು ಮೊದಲ ಚೀಟಿಯನ್ನೇ ಮಡಚಿ ಜೇಬಿಗಿಟ್ಟುಕೊಂಡರು.

ತುದಿಯಲ್ಲ, ರೇಖೆಯ ಮೈ

ಟಾರ್ಕ್, ಅಂದರೆ ತಿರುಚುವ ಬಲ, ಮತ್ತು ಆರ್‌ಪಿಎಂಗಳ ಗುಣಲಬ್ಧವೇ ಸಾಮರ್ಥ್ಯ: ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಈ ಒಂದು ಸೂತ್ರ ಕೈಯಲ್ಲಿದ್ದರೆ ಜಾಹೀರಾತಿನ ಹಿಂದಿರುವುದು ಬಹುಮಟ್ಟಿಗೆ ಕಾಣುತ್ತದೆ.

992 ಪೀಳಿಗೆಯ ಪೋರ್ಷೆ 911ರಲ್ಲಿ ಮೊದಲು ಬಂದ ಎರಡು ರೂಪಗಳನ್ನು ತೆಗೆದುಕೊಳ್ಳಿ. ಜಿಟಿ3ಯಲ್ಲಿ ಟರ್ಬೊ ಇಲ್ಲದ 4 ಲೀಟರ್ ಎಂಜಿನ್. 8400 ಆರ್‌ಪಿಎಂನಲ್ಲಿ 510 ಪಿಎಸ್, 6100ರಲ್ಲಿ 470 ನ್ಯೂಟನ್ ಮೀಟರ್. ಟರ್ಬೊ ಎಸ್‌ನಲ್ಲಿ ಎರಡು ಟರ್ಬೊಗಳ 3.7 ಲೀಟರ್ ಎಂಜಿನ್. 650 ಪಿಎಸ್, ಮತ್ತು 2500ರಿಂದ 4000 ಆರ್‌ಪಿಎಂವರೆಗೆ ಸಮತಟ್ಟಾಗಿ 800 ನ್ಯೂಟನ್ ಮೀಟರ್. ಘೋಷಿತ ಅಂಕಿಗಳ ಅಂತರ 140 ಪಿಎಸ್. ಈಗ 4000 ಆರ್‌ಪಿಎಂನಲ್ಲಿ ಲೆಕ್ಕ ಹಾಕಿ. ಟರ್ಬೊ ಎಸ್ ಆಗಲೇ 335 ಕಿಲೋವ್ಯಾಟ್, ಅಂದರೆ ಸುಮಾರು 455 ಪಿಎಸ್ ಕೊಡುತ್ತಿದೆ. ಜಿಟಿ3ಯ ಟಾರ್ಕ್ ಎಲ್ಲಿಯೂ 470 ದಾಟದ ಕಾರಣ ಅದೇ ವೇಗದಲ್ಲಿ ಅದು 268 ಪಿಎಸ್ ಮೀರಲು ಸಾಧ್ಯವೇ ಇಲ್ಲ. ಹೀಗೆ ರಸ್ತೆಯಲ್ಲಿ ಹೆಚ್ಚಾಗಿ ಬಳಕೆಯಾಗುವ ಆರ್‌ಪಿಎಂನಲ್ಲಿ ಅಂತರ 140 ಅಲ್ಲ, 190ರ ಹತ್ತಿರ.

ಹಾಗಾದರೆ ಜಿಟಿ3 ಸೋತಿತೇ? ಇಲ್ಲ. ಟ್ರ್ಯಾಕಿನಲ್ಲಿ ಚಾಲಕ 6000ದ ಕೆಳಗೆ ಇಳಿಯುವುದೇ ಅಪರೂಪ, ಗಿಯರ್ ಅನುಪಾತಗಳನ್ನೂ ಅದಕ್ಕೆ ತಕ್ಕಂತೆ ಕೊಟ್ಟಿರುತ್ತಾರೆ. ನ್ಯೂರ್‌ಬರ್ಗ್‌ರಿಂಗ್‌ನ 20.8 ಕಿಲೋಮೀಟರ್ ಸುತ್ತನ್ನು ಅದು 7 ನಿಮಿಷದೊಳಗೆ ಮುಗಿಸಿದ್ದು ಹಗುರವಾದ ಮೈಕಟ್ಟು, ರೆಕ್ಕೆಯ ಒತ್ತಡ, ಟೈರು ಮತ್ತು ಸಸ್ಪೆನ್ಶನ್‌ಗಳು ಎಂಜಿನ್ನಿನೊಂದಿಗೆ ಕೈಜೋಡಿಸಿದ್ದರಿಂದ. ನಿಮ್ಮ ಕಾರು ಹೆಚ್ಚಿನ ಹೊತ್ತು ಯಾವ ಆರ್‌ಪಿಎಂನಲ್ಲಿ ಇರುತ್ತದೋ ಅಲ್ಲಿ ರೇಖೆ ಎಷ್ಟು ಮೇಲೇರುತ್ತದೆ ಎಂಬುದೇ ಯಾವ ಉನ್ನತೀಕರಣವನ್ನು ತೂಗಲಿಕ್ಕೂ ಸರಿಯಾದ ಪ್ರಶ್ನೆ.

ತಯಾರಕರೇ ಬೇಕೆಂದು ಟಾರ್ಕನ್ನು ಹಿಡಿದಿಡುವುದೂ ಉಂಟು. ಫೆರಾರಿ 488 ಜಿಟಿಬಿಯ 760 ನ್ಯೂಟನ್ ಮೀಟರ್ ಪೂರ್ತಿಯಾಗಿ ಸಿಗುವುದು ಏಳನೆಯ ಗಿಯರಿನಲ್ಲಿ ಮಾತ್ರ. ಕೆಳಗಿನ ಗಿಯರುಗಳಲ್ಲಿ ಅದನ್ನು ಮೊಟಕುಗೊಳಿಸಿ, ಆರ್‌ಪಿಎಂ ಏರಿದಂತೆ ಟಾರ್ಕೂ ಏರುವ ಹಾಗೆ ರೇಖೆಯನ್ನು ತಿದ್ದಿದ್ದಾರೆ. ರೀಮ್ಯಾಪ್ ಮಾಡುವವರು ಇಂಥ ಮಿತಿಗಳನ್ನು ಕಿತ್ತುಹಾಕಿ ಲಾಭ ತೋರಿಸುತ್ತಾರೆ. ಆ ಮಿತಿ ಚಾಲನೆಯ ಸೊಗಸಿಗಾಗಿ ಇತ್ತೋ ಗಿಯರ್ ಬಾಕ್ಸಿನ ಆಯುಷ್ಯಕ್ಕಾಗಿ ಇತ್ತೋ ಎಂದು ಕೇಳುವುದು ಮಾಲೀಕರ ಕೆಲಸ.

ರೀಮ್ಯಾಪ್

ಕಾರ್ಖಾನೆಯಿಂದಲೇ ಟರ್ಬೊ ಬಂದಿರುವ ಕಾರಿಗೆ ರೀಮ್ಯಾಪ್‌ನಷ್ಟು ಲಾಭಕರ ಆಯ್ಕೆ ಮತ್ತೊಂದಿಲ್ಲ. ಬೂಸ್ಟ್ (ಟರ್ಬೊ ಗಾಳಿಗೆ ಸೇರಿಸುವ ಒತ್ತಡ), ಕಿಡಿಯ ಸಮಯ, ಇಂಧನದ ಪ್ರಮಾಣಗಳನ್ನು ಇಸಿಯುವಿನಲ್ಲಿ ಬದಲಿಸಿದರೆ ಸಾಮಾನ್ಯವಾಗಿ ಶೇ. 15ರಿಂದ 25ರವರೆಗೆ ಹೆಚ್ಚಳ ಸಿಗುತ್ತದೆ, ಅದೂ ರೇಖೆಯ ನಡುಭಾಗದಲ್ಲಿ. ಟರ್ಬೊ ಇಲ್ಲದ ಎಂಜಿನ್ನಿಗೆ ಅದೇ ಕೆಲಸ ಮಾಡಿದರೆ ಬೆರಳೆಣಿಕೆಯ ಶೇಕಡಾ ಸಿಕ್ಕರೆ ಹೆಚ್ಚು. ಹೋಂಡಾ ಎಸ್2000ದ ಮೊದಲ 2 ಲೀಟರ್ ಎಂಜಿನ್ ಟರ್ಬೊ ಇಲ್ಲದೆಯೇ, ಜಪಾನಿನ ರೂಪದಲ್ಲಿ, 250 ಪಿಎಸ್ ಕೊಡುತ್ತಿತ್ತು. ಲೀಟರಿಗೆ 125 ಪಿಎಸ್ ಹಿಂಡಿರುವ ಎಂಜಿನ್ನಿನಲ್ಲಿ ತಂತ್ರಾಂಶಕ್ಕೆ ಉಳಿದಿರುವುದಾದರೂ ಏನು?

‘ಸ್ಟೇಜ್ 1’, ‘ಸ್ಟೇಜ್ 2’ ಎಂಬ ಹೆಸರುಗಳಿಗೆ ಯಾವ ಮಾನದಂಡವೂ ಇಲ್ಲ. ಸಾಮಾನ್ಯವಾಗಿ ಮೊದಲನೆಯದೆಂದರೆ ತಂತ್ರಾಂಶ ಮಾತ್ರ, ಎರಡನೆಯದೆಂದರೆ ಜೊತೆಗೆ ಎಕ್ಸಾಸ್ಟ್, ಇಂಟೇಕ್, ಇಂಟರ್‌ಕೂಲರ್, ಮೂರನೆಯದೆಂದರೆ ದೊಡ್ಡ ಟರ್ಬೊ. ಆದರೆ ಒಬ್ಬರ ಎರಡು ಮತ್ತೊಬ್ಬರ ಒಂದಾಗಿರಬಹುದು. ಹೆಸರನ್ನು ಬಿಟ್ಟು ಭಾಗಗಳ ಪಟ್ಟಿಯನ್ನು ಹೋಲಿಸಿ.

ಇಂಟೇಕ್ ಮತ್ತು ಎಕ್ಸಾಸ್ಟ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟರ್ಬೊ ಕಾರಿನಲ್ಲಿ, ರೀಮ್ಯಾಪ್ ಜೊತೆಗಿದ್ದರೆ, ಅವು ಉಪಯುಕ್ತ. ಉಳಿದ ಕಡೆ ಮುಖ್ಯವಾಗಿ ಸಿಗುವುದು ಸದ್ದು.

ದೊಡ್ಡ ಟರ್ಬೊ ಅಥವಾ ಸೂಪರ್‌ಚಾರ್ಜರ್

ಎರಡೂ ಮಾಡುವುದು ಒಂದೇ ಕೆಲಸ: ಸಿಲಿಂಡರಿಗೆ ಹೆಚ್ಚು ಗಾಳಿ ತುರುಕುವುದು. ಟರ್ಬೊ ಹೊರಹೋಗುವ ಹೊಗೆಯ ಶಕ್ತಿಯನ್ನು ಬಳಸಿಕೊಳ್ಳುತ್ತದೆ, ಆದರೆ ಚಕ್ರ ದೊಡ್ಡದಾದಷ್ಟೂ ತಿರುಗಲು ಹೊತ್ತು ಹಿಡಿಯುತ್ತದೆ. ತುದಿಯ ಅಂಕಿಗೆ ಮರುಳಾಗಿ ಅತಿ ದೊಡ್ಡ ಟರ್ಬೊ ಹಾಕಿಸಿದ ಕಾರು, ತಿರುವಿನಿಂದ ಹೊರಬರುವಾಗ ಕಾಲು ಒತ್ತಿದರೂ ಕ್ಷಣಕಾಲ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ಚಕ್ರ ಜಾರುವಷ್ಟು ಟಾರ್ಕ್ ಎರಚುತ್ತದೆ. ಸೂಪರ್‌ಚಾರ್ಜರ್ ಬೆಲ್ಟಿನ ಮೂಲಕ ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸಿಕೊಂಡಿರುವುದರಿಂದ ಅದಕ್ಕೆ ಆ ವಿಳಂಬವಿಲ್ಲ. ಅದರ ಬೆಲೆಯನ್ನು ಎಂಜಿನ್ನೇ ತೆರುತ್ತದೆ: ಡಾಡ್ಜ್ ಹೆಲ್‌ಕ್ಯಾಟ್‌ನ ಸೂಪರ್‌ಚಾರ್ಜರನ್ನು ಪೂರ್ಣವೇಗದಲ್ಲಿ ತಿರುಗಿಸಲು ಸುಮಾರು 80 ಅಶ್ವಶಕ್ತಿ ಬೇಕು. ಸೂಪರ್‌ಚಾರ್ಜರುಗಳಲ್ಲೂ ರೂಟ್ಸ್ ಮತ್ತು ಟ್ವಿನ್ ಸ್ಕ್ರೂ ಬಗೆಯವು ಕಡಿಮೆ ಆರ್‌ಪಿಎಂನಿಂದಲೇ ಬೂಸ್ಟ್ ಕೊಟ್ಟರೆ, ಸೆಂಟ್ರಿಫ್ಯೂಗಲ್ ಬಗೆಯದು ಆರ್‌ಪಿಎಂ ಏರಿದಂತೆ ಮಾತ್ರ ಏರುತ್ತದೆ. ದೊಡ್ಡ ವಿ8ಕ್ಕೆ, ರಸ್ತೆಯ ಬಳಕೆಗೆ, ನಾನು ಮೊದಲ ಬಗೆಯನ್ನು ಆರಿಸುತ್ತೇನೆ. ಟರ್ಬೊ ಈಗಾಗಲೇ ಇರುವ ಎಂಜಿನ್ನಿನಲ್ಲಿ ಪ್ರಶ್ನೆಯೇ ಏಳುವುದಿಲ್ಲ. ಒಂದು ಅಳತೆ ದೊಡ್ಡದಾದ ಟರ್ಬೊ ಸಾಕು, ಎರಡು ಅಳತೆ ದೊಡ್ಡದು ಬೇಡ.

ಬೂಸ್ಟ್ ಹೆಚ್ಚಿಸಿದಷ್ಟೂ ಶಕ್ತಿ ಹೆಚ್ಚುತ್ತದೆ ಎಂಬುದು ಅರ್ಧ ಸತ್ಯ. ಬೂಸ್ಟ್ 0.8 ಬಾರ್‌ನಿಂದ 1.2 ಬಾರ್‌ಗೆ ಏರಿದರೆ, ವಾತಾವರಣದ ಒತ್ತಡವೂ ಸೇರಿ ಒಟ್ಟು ಒತ್ತಡ 1.8ರಿಂದ 2.2ಕ್ಕೆ, ಅಂದರೆ ಶೇ. 22ರಷ್ಟು ಏರುತ್ತದೆ. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಹೊರಗಿನ ಗಾಳಿ 25 ಡಿಗ್ರಿ ಇದ್ದು ಕಂಪ್ರೆಸರಿನ ದಕ್ಷತೆ ಶೇ. 70 ಇದ್ದರೆ, ಇಂಟರ್‌ಕೂಲರ್ ತಲುಪುವ ಗಾಳಿ ಮೊದಲ ಸ್ಥಿತಿಯಲ್ಲಿ ಸುಮಾರು 103 ಡಿಗ್ರಿ, ಎರಡನೆಯದರಲ್ಲಿ 133 ಡಿಗ್ರಿ. ಆ 30 ಡಿಗ್ರಿಯನ್ನು ಹಳೆಯ ಇಂಟರ್‌ಕೂಲರ್ ಇಳಿಸಲಾರದಿದ್ದರೆ ನಾಕಿಂಗ್ ಶುರುವಾಗಿ, ಇಸಿಯು ತಾನೇ ಶಕ್ತಿಯನ್ನು ಹಿಂತೆಗೆದುಕೊಳ್ಳುತ್ತದೆ. ಮೇಲೆ ಹೇಳಿದ ಮೂರು ಓಟಗಳಲ್ಲಿ ನಡೆದದ್ದು ಇದೇ. ಬಜೆಟ್ ಒಂದಕ್ಕೇ ಸಾಲುವುದಾದರೆ ಟರ್ಬೊಗಿಂತ ಮುಂಚೆ ಇಂಟರ್‌ಕೂಲರ್ ಹಾಕಿಸಿ ಎನ್ನುತ್ತೇನೆ.

ಟರ್ಬೊ ಇಲ್ಲದ ಎಂಜಿನ್ನಿಗೆ ಹೊಸದಾಗಿ ಟರ್ಬೊ ಕೂರಿಸುವವರು ಕಾರ್ವೆಟ್‌ನ ಉದಾಹರಣೆಯನ್ನು ನೋಡಬೇಕು. ಮೇಲೆ ಹೇಳಿದ್ದಕ್ಕಿಂತ ಹೊಸ ಪೀಳಿಗೆಯ ಝಡ್06ರ 5.5 ಲೀಟರ್ ವಿ8 ಟರ್ಬೊ ಇಲ್ಲದೆ 670 ಅಶ್ವಶಕ್ತಿ ಕೊಡುತ್ತದೆ. ಅದೇ ಕುಟುಂಬದ ಝಡ್‌ಆರ್1 ಎಂಜಿನ್ ಎರಡು ಟರ್ಬೊಗಳೊಂದಿಗೆ 1064 ಕೊಡುತ್ತದೆ. ಆದರೆ ತಯಾರಕರು ಹಳೆಯ ಎಂಜಿನ್ನಿಗೆ ಟರ್ಬೊ ಬಿಗಿದು ಕೈತೊಳೆದುಕೊಳ್ಳಲಿಲ್ಲ. ಕಂಪ್ರೆಶನ್ ಅನುಪಾತವನ್ನು (ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬುದನ್ನು) 12.5ರಿಂದ 9.8ಕ್ಕೆ ಇಳಿಸಿದರು, ಪಿಸ್ಟನ್, ಕನೆಕ್ಟಿಂಗ್ ರಾಡ್, ಸಿಲಿಂಡರ್ ಹೆಡ್‌ಗಳನ್ನು ಬದಲಿಸಿದರು. ಹೆಚ್ಚಿನ ಕಂಪ್ರೆಶನ್ನಿನ ಎಂಜಿನ್ನಿಗೆ ಹಾಗೆಯೇ ಟರ್ಬೊ ಹಾಕಬಹುದು ಎನ್ನುವ ಕಿಟ್, ಎಷ್ಟು ಕಡಿಮೆ ಬೂಸ್ಟಿನಲ್ಲಿ ಆ ಮಾತು ಹೇಳುತ್ತಿದೆ ಎಂದು ನೋಡಿ.

ಎಥನಾಲ್ ಬೆರೆತ ಇ85 ಇಂಧನ ನಾಕಿಂಗನ್ನು ಚೆನ್ನಾಗಿ ತಡೆಯುತ್ತದೆ, ಆವಿಯಾಗುವಾಗ ಗಾಳಿಯನ್ನು ತಂಪುಗೊಳಿಸುತ್ತದೆ. ಟರ್ಬೊ ಕಾರಿಗೆ ಅದು ವರವೇ ಸರಿ. ಆದರೆ ಪೆಟ್ರೋಲಿಗಿಂತ ಶೇ. 30ರಿಂದ 40ರಷ್ಟು ಹೆಚ್ಚು ಇಂಧನ ಹರಿಯಬೇಕಾದ್ದರಿಂದ ಪಂಪು ಮತ್ತು ಇಂಜೆಕ್ಟರುಗಳು ಮೊದಲು ಬದಲಾಗಬೇಕು.

ಎಂಜಿನ್ನಿನ ಒಳಗೆ ಕೈ ಹಾಕುವುದು

ಕ್ಯಾಮ್‌ಶಾಫ್ಟ್ ಬದಲಿಸಿ, ಆರ್‌ಪಿಎಂ ಮಿತಿ ಏರಿಸಿ, ಸಹಜ ಉಸಿರಾಟದಲ್ಲೇ ಶಕ್ತಿ ಪಡೆಯುವ ದಾರಿ ಅತ್ಯಂತ ದುಬಾರಿಯದು, ಕಿವಿಗೆ ಅತ್ಯಂತ ಇಂಪಾದದ್ದು. ಕನೆಕ್ಟಿಂಗ್ ರಾಡಿನ ಮೇಲೆ ಚಲನೆಯಿಂದ ಬೀಳುವ ಹೊರೆ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 8000ದ ಮಿತಿಯನ್ನು 8800ಕ್ಕೆ, ಅಂದರೆ ಶೇ. 10 ಏರಿಸಿದರೆ ಹೊರೆ ಶೇ. 21 ಏರುತ್ತದೆ. ಬೂಸ್ಟ್ ಹೆಚ್ಚಿಸುವವರಿಗೆ ಅಪಾಯ ಬೇರೆ ಕಡೆಯಿಂದ ಬರುತ್ತದೆ: ಕಡಿಮೆ ಆರ್‌ಪಿಎಂನಲ್ಲಿ ಸಿಗುವ ಭಾರಿ ಟಾರ್ಕ್ ರಾಡನ್ನು ಬಗ್ಗಿಸುತ್ತದೆ, ಸಿಲಿಂಡರಿನ ಒತ್ತಡ ಹೆಡ್ ಗ್ಯಾಸ್ಕೆಟನ್ನು ಎತ್ತುತ್ತದೆ. ಫೋರ್ಜ್ಡ್ ಪಿಸ್ಟನ್, ಫೋರ್ಜ್ಡ್ ರಾಡ್, ಬಲವಾದ ಹೆಡ್ ಸ್ಟಡ್‌ಗಳು ತಾವಾಗಿ ಒಂದು ಅಶ್ವಶಕ್ತಿಯನ್ನೂ ಸೇರಿಸುವುದಿಲ್ಲ. ದೊಡ್ಡ ಟರ್ಬೊ ಹಾಕುವ ಮಾತಿದ್ದರೆ ಎಂಜಿನ್ ಬಿಚ್ಚಿದಾಗಲೇ ಅವನ್ನೂ ಹಾಕಿಸುವುದು ಮೇಲು, ಎರಡು ಬಾರಿ ಬಿಚ್ಚುವ ಕೂಲಿ ಉಳಿಯುತ್ತದೆ.

ಹೈಬ್ರಿಡ್ ಕಾರುಗಳಲ್ಲಿ ಇನ್ನೊಂದು ಎಚ್ಚರ. ಫೆರಾರಿ 296 ಜಿಟಿಬಿಯ 830 ಪಿಎಸ್‌ನಲ್ಲಿ 663 ಎಂಜಿನ್ನಿನದು, ಉಳಿದ 167 ವಿದ್ಯುತ್ ಮೋಟಾರಿನದು; ಬ್ಯಾಟರಿ ಬರಿದಾದಾಗ ಎರಡನೆಯ ಪಾಲು ಉಳಿಯುವುದಿಲ್ಲ. ಪೂರ್ತಿ ವಿದ್ಯುತ್ತಿನ ಪೋರ್ಷೆ ಟೈಕಾನ್ ಟರ್ಬೊ ಎಸ್ 2019ರಲ್ಲಿ ಬಂದಾಗಲೂ 761 ಪಿಎಸ್ ಇದ್ದದ್ದು ನಿಂತಲ್ಲಿಂದ ಥಟ್ಟನೆ ಹೊರಡಿಸುವ ಲಾಂಚ್ ಕಂಟ್ರೋಲ್ ಹಾಕಿದಾಗ ಮಾತ್ರ, ಉಳಿದಂತೆ 625. ಹೈಬ್ರಿಡ್ ಕಾರಿನ ಎಂಜಿನ್ನಿಗೆ ರೀಮ್ಯಾಪ್ ಮಾಡಿಸುವ ಮೊದಲು ಅದು ಮೋಟಾರಿನ ನಿಯಂತ್ರಣದೊಂದಿಗೆ ಹೊಂದುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಗುರಿಗೆ ತಕ್ಕ ಆಯ್ಕೆ

ಗರಿಷ್ಠ ವೇಗವೇ ಗುರಿಯಾದರೆ ಮೊದಲೇ ನಿರಾಸೆಗೆ ಸಿದ್ಧರಾಗಿ, ಏಕೆಂದರೆ ಗಾಳಿಯ ಎದುರು ಬೇಕಾಗುವ ಸಾಮರ್ಥ್ಯ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇರಾನ್ 1001 ಪಿಎಸ್‌ನಲ್ಲಿ ಗಂಟೆಗೆ 408 ಕಿಲೋಮೀಟರ್ ಮುಟ್ಟಿತ್ತು. 2010ರ ಸೂಪರ್ ಸ್ಪೋರ್ಟ್ 1200 ಪಿಎಸ್‌ನಲ್ಲಿ 431 ಮುಟ್ಟಿತು. ಶಕ್ತಿ ಶೇ. 20 ಏರಿದಾಗ ವೇಗ ಏರಿದ್ದು ಶೇ. 6ಕ್ಕೂ ಕಡಿಮೆ.

ರಸ್ತೆಯಲ್ಲಿ ಚುರುಕು ಬೇಕೆನ್ನುವವರಿಗೆ ಟರ್ಬೊ ಕಾರಾದರೆ ರೀಮ್ಯಾಪ್ ಮತ್ತು ಇಂಟರ್‌ಕೂಲರ್, ದೊಡ್ಡ ವಿ8 ಆದರೆ ಸೂಪರ್‌ಚಾರ್ಜರ್. ಡ್ರ್ಯಾಗ್ ಓಟಕ್ಕೆ ದೊಡ್ಡ ಟರ್ಬೊ, ಇ85, ಬಲಪಡಿಸಿದ ಕ್ಲಚ್ ಮತ್ತು ಗಿಯರ್ ಬಾಕ್ಸ್. ಟ್ರ್ಯಾಕಿಗೆ ಹೋಗುವವರಿಗೆ ಮಾತ್ರ ನನ್ನ ಸಲಹೆ ಎಂಜಿನ್ನಿನಿಂದ ಆರಂಭವಾಗುವುದಿಲ್ಲ. ನೇರ ಹಾದಿಯ ಕೊನೆಗೆ 220ರ ಬದಲು 240 ಕಿಲೋಮೀಟರ್ ವೇಗದಲ್ಲಿ ಬರುವ ಕಾರಿನಲ್ಲಿ ಶೇ. 19 ಹೆಚ್ಚು ಚಲನಶಕ್ತಿ ಇರುತ್ತದೆ, ಪ್ರತಿ ಸುತ್ತಿನಲ್ಲೂ ಅದನ್ನು ಬ್ರೇಕುಗಳೇ ನುಂಗಬೇಕು. ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಟೈರು, ಆಯಿಲ್ ಕೂಲರ್ ಇವುಗಳ ಬಳಿಕವಷ್ಟೇ ಅಶ್ವಶಕ್ತಿಯ ಸರದಿ. ಸಹಜ ಉಸಿರಾಟದ ಹೈ-ರೆವ್ ಎಂಜಿನ್ ಇರುವವರು ಎಂಜಿನ್ನನ್ನು ಮುಟ್ಟದೆ ಫೈನಲ್ ಡ್ರೈವ್ ಅನುಪಾತ ಬದಲಿಸಿ, ತೂಕ ಇಳಿಸಿ ನೋಡುವುದು ಒಳ್ಳೆಯದು.

ಯಾವ ಆಯ್ಕೆಯೇ ಆಗಲಿ, ಹಣ ಕೊಡುವ ಮೊದಲು ಗ್ಯಾರೇಜಿನವರೊಂದಿಗೆ ಮೂರು ಸಂಗತಿಗಳನ್ನು ಮಾತಾಡಿಕೊಳ್ಳಿ. ಕೆಲಸಕ್ಕೆ ಮುಂಚಿನ ಮತ್ತು ನಂತರದ ಅಳತೆ ಅದೇ ಡೈನೋದಲ್ಲಿ, ಅದೇ ಗಿಯರಿನಲ್ಲಿ, ಅದೇ ಟೈರು ಒತ್ತಡದಲ್ಲಿ ಆಗಬೇಕು. ಚೀಟಿಯಲ್ಲಿ ಯಾವ ತಿದ್ದುಪಡಿ ಹಾಕಿದ್ದಾರೆಂಬುದು ನಮೂದಾಗಿರಬೇಕು, ತಿದ್ದುಪಡಿ ಇಲ್ಲದ ಮೂಲ ಅಂಕಿಯೂ ಜೊತೆಗಿರಬೇಕು. ಮತ್ತು ಮೂರು ಓಟಗಳು ಬೆನ್ನಿಗೆ ಬೆನ್ನು ನಡೆದು, ಒಳಗಾಳಿಯ ಉಷ್ಣತೆ ಹಾಗೂ ಇಸಿಯು ಹಿಂದೆಳೆದ ಕಿಡಿಯ ಸಮಯದ ದಾಖಲೆ ಮೂರಕ್ಕೂ ಸಿಗಬೇಕು. ಇದಕ್ಕೆ ಒಪ್ಪದ ಗ್ಯಾರೇಜಿನಲ್ಲಿ ಕಾರಿನ ಬಾನೆಟ್ ತೆರೆಯಲು ನಾನು ಬಿಡುವುದಿಲ್ಲ. ಒಪ್ಪಿದವರಲ್ಲಿ, ಮೂರನೆಯ ಓಟದ ಚೀಟಿಯನ್ನೇ ಇಟ್ಟುಕೊಳ್ಳುತ್ತೇನೆ.